ಮೂರನೇ ಟ್ಯೂಬ್ ಕೇಳಿದಾಗ

ಬಾಯಿಯ ತೊಂದರೆಗಳು ಮೆಡಿಕಲ್ ಶಾಪಿನ ಕೌಂಟರಿಗೆ ರೋಗದ ಹೆಸರು ಹೊತ್ತು ಬರುವುದಿಲ್ಲ. "ಹೀಟ್ ಆಗಿದೆ, ಬಾಯಲ್ಲೆಲ್ಲ ಹುಣ್ಣು, ಬಿ ಕಾಂಪ್ಲೆಕ್ಸ್ ಕೊಡಿ" ಎಂದು ಬರುತ್ತವೆ. "ಖಾರ ತಿನ್ನೋಕಾಗ್ತಿಲ್ಲ, ಹಚ್ಚೋಕೆ ಏನಾದ್ರೂ ಇದೆಯಾ" ಎಂದು ಬರುತ್ತವೆ. ಕೆಲವೊಮ್ಮೆ ಬುಡದಿಂದ ಸುರುಳಿ ಸುತ್ತಿ ಹಿಂಡಿದ ಹಳೆಯ ಟ್ಯೂಬೊಂದು ಗಾಜಿನ ಮೇಲೆ ಬೀಳುತ್ತದೆ. "ಇದೇ ಇನ್ನೊಂದು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಗಿರಾಕಿ ರೋಗವನ್ನೂ ಮದ್ದನ್ನೂ ತಾನೇ ತೀರ್ಮಾನಿಸಿಕೊಂಡು ಬಂದಿರುತ್ತಾನೆ. ಫಾರ್ಮಸಿಸ್ಟ್‌ಗೆ ಉಳಿಯುವುದು ಆ ತೀರ್ಮಾನವನ್ನು ಒಮ್ಮೆ ಬಿಚ್ಚಿ ನೋಡುವ ಕೆಲಸ. ಅದಕ್ಕೆ ಸಿಗುವುದು ಎರಡು ನಿಮಿಷ. ಹಿಂದೆ ನಾಲ್ಕು ಜನ ನಿಂತಿದ್ದರೆ ಅದೂ ಇಲ್ಲ.

ಆ ಎರಡು ನಿಮಿಷಕ್ಕೆಂದೇ ಬ್ರಿಟನ್ನಿನ ಫಾರ್ಮಸಿಗಳಲ್ಲಿ ಕೌಂಟರಿನವರಿಗೆ ಐದು ಪ್ರಶ್ನೆಗಳ ಪಾಠ ಹೇಳಿಕೊಡುತ್ತಾರೆ. ಔಷಧ ಯಾರಿಗೆ? ತೊಂದರೆ ಏನು? ಎಷ್ಟು ದಿನದಿಂದ? ಇಲ್ಲಿಯವರೆಗೆ ಏನು ಮಾಡಿದ್ದಾರೆ? ಬೇರೆ ಯಾವ ಮಾತ್ರೆ ನಡೆಯುತ್ತಿದೆ? ನೆಗಡಿ, ತಲೆನೋವು, ಎದೆಯುರಿ, ಭೇದಿ, ಯಾವುದಕ್ಕೂ ಇವೇ ಪ್ರಶ್ನೆ. ಭೇದಿಯಲ್ಲಿ ಮೊದಲನೆಯದು ದೊಡ್ಡದು: ಎಂಟು ತಿಂಗಳ ಕೂಸಿಗೋ, ಮೂವತ್ತರ ಗಂಡಸಿಗೋ ಎಂಬುದರ ಮೇಲೆ ಓಆರ್‌ಎಸ್ ಪೊಟ್ಟಣ ಸಾಕೋ ಆಸ್ಪತ್ರೆಯೋ ಎಂಬುದು ನಿಂತಿರುತ್ತದೆ. ಬಾಯಿಯ ವಿಷಯದಲ್ಲಿ ಮಾತ್ರ ಮೂರನೆಯ ಮತ್ತು ಐದನೆಯ ಪ್ರಶ್ನೆಗಳೇ ಹೆಚ್ಚಿನ ಕೆಲಸ ಮಾಡುತ್ತವೆ. ದಿನದ ಲೆಕ್ಕ, ಮಾತ್ರೆಯ ಲೆಕ್ಕ. ಈ ಎರಡು ಸರಿಯಾಗಿ ಸಿಕ್ಕರೆ ಯಾವ ಜೆಲ್ ಕೊಡಬೇಕೆಂಬುದು ಸಣ್ಣ ಮಾತು.

ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನೂ ಹೇಳಿಬಿಡಬೇಕು. ಭಾರತದ 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಗೆ ಔಷಧ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಅವನ ಕೆಲಸದೊಳಗೆ ಸೇರಿಸಿವೆ. ಆದರೆ ಚೀಟಿ ಬರೆಯುವ ಅಧಿಕಾರವನ್ನು ಯಾವ ನಿಯಮವೂ ಅವನಿಗೆ ಕೊಟ್ಟಿಲ್ಲ. ಷೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಯಲ್ಲಿರುವುದನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಎಚ್1 ಔಷಧವಾದರೆ ಯಾರಿಗೆ ಕೊಟ್ಟದ್ದೆಂದು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಗಂಟಲುನೋವು, ಕಿವಿನೋವು, ಸರ್ಪಸುತ್ತು ಸೇರಿದಂತೆ ಏಳು ತೊಂದರೆಗಳಿಗೆ ಫಾರ್ಮಸಿಸ್ಟರೇ ಚಿಕಿತ್ಸೆ ಕೊಡಬಹುದು. ಬಾಯಿಹುಣ್ಣು ಆ ಏಳರಲ್ಲಿಲ್ಲ. ಇಲ್ಲೂ ಅಲ್ಲೂ ಬಾಯಿಹುಣ್ಣೆಂದರೆ ಹಚ್ಚಲು ಏನಾದರೂ ಕೊಟ್ಟು, ಹೇಳುವುದನ್ನು ಹೇಳಿ, ಬೇಕೆನಿಸಿದರೆ ಮುಂದಕ್ಕೆ ಕಳಿಸುವ ಕೆಲಸವೇ.

ಹೆಚ್ಚಿನವರಿಗೆ ಬರುವುದು ಸಾಧಾರಣ ಬಾಯಿಹುಣ್ಣು. ಕೆಂಪು ಅಂಚು, ಹಳದಿ-ಬೂದು ತಳ, ಎಳ್ಳಿನಿಂದ ತೊಗರಿಬೇಳೆಯವರೆಗಿನ ಗಾತ್ರ. ತುಟಿಯ ಒಳಮೈ, ಕೆನ್ನೆಯ ಒಳಭಾಗ, ನಾಲಿಗೆಯ ಅಡಿ, ಹೀಗೆ ಮೆತ್ತನೆಯ, ಅಲುಗಾಡುವ ಜಾಗಗಳಲ್ಲಿ ಏಳುತ್ತದೆ. ಗಾತ್ರ ಒಂದು ಸೆಂಟಿಮೀಟರಿನೊಳಗೆ ಇರುತ್ತದೆ, ಒಂದೆರಡು ವಾರದಲ್ಲಿ ಕಲೆಯಿಲ್ಲದೆ ಮಾಯುತ್ತದೆ. ಅದಕ್ಕಿಂತ ದೊಡ್ಡವು ವಾರಗಟ್ಟಲೆ ಕೂತು ಕಲೆ ಬಿಟ್ಟು ಹೋಗುತ್ತವೆ. ಕಾರಣ ಪೂರ್ತಿ ತಿಳಿದಿಲ್ಲ. ಪ್ರಚೋದಿಸುವ ಸಂಗತಿಗಳು ಗೊತ್ತಿವೆ. ಹಲ್ಲಿನ ಮೊನಚು ತಾಗಿದ್ದು, ಊಟದ ಭರದಲ್ಲಿ ಕೆನ್ನೆ ಕಚ್ಚಿಕೊಂಡದ್ದು, ಪರೀಕ್ಷೆಯ ನಿದ್ದೆಗೇಡು, ಮುಟ್ಟಿನ ದಿನಗಳು, ಕಬ್ಬಿಣಾಂಶ ಅಥವಾ ಬಿ12 ಕೊರತೆ, ಕೆಲವರಿಗೆ ಟೂತ್‌ಪೇಸ್ಟಿನ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್. ಸಿಗರೇಟು ಬಿಟ್ಟ ಹೊಸತರಲ್ಲೂ ಬಾಯಿಹುಣ್ಣು ಏಳುವುದುಂಟು. ಇದನ್ನು ಮೊದಲೇ ಹೇಳದಿದ್ದರೆ, ಬಿಟ್ಟಿದ್ದಕ್ಕೇ ಹೀಗಾಯಿತೆಂದು ಆತ ಮತ್ತೆ ಹಚ್ಚುತ್ತಾನೆ.

"ಹೀಟ್" ಎಂಬುದು ಫಾರ್ಮಸಿಯ ಪಠ್ಯಪುಸ್ತಕದಲ್ಲಿಲ್ಲ. ಆದರೆ ಕೌಂಟರಿನಲ್ಲಿ ನಿಂತವನು ಆ ಮಾತಿಗೆ ನಗುವುದು ಪೆದ್ದುತನ. ಉಷ್ಣವಾಗಿದೆ ಎನ್ನುವವನನ್ನು ಇನ್ನೊಂದು ಮಾತಾಡಿಸಿದರೆ ಮೂರು ರಾತ್ರಿಯ ಬಸ್ ಪ್ರಯಾಣವೋ, ಮಲಬದ್ಧತೆಯೋ, ಮೊನ್ನೆಯಷ್ಟೇ ಮುಗಿಸಿದ ಆಂಟಿಬಯೋಟಿಕ್ ಕೋರ್ಸೋ ಹೊರಬರುತ್ತದೆ. ಮಜ್ಜಿಗೆ, ಎಳನೀರು, ಹುಣ್ಣಿಗೆ ಸವರುವ ತುಪ್ಪ, ಕೊಬ್ಬರಿಯ ಜೊತೆ ಜಗಿಯುವ ಗಸಗಸೆ, ಇವುಗಳಿಂದ ಹಾನಿಯಿಲ್ಲ. ಮೆತ್ತಗಿನ ತಣ್ಣನೆಯ ಆಹಾರ ಉರಿಯುವ ಬಾಯಿಗೆ ಹಿತವೇ. ತೊಂದರೆ ಬಿ ಕಾಂಪ್ಲೆಕ್ಸಿನ ಕಥೆಯಲ್ಲಿದೆ. ಬಿ12, ಫೋಲಿಕ್ ಆಮ್ಲದ ಕೊರತೆ ಇದ್ದವರಿಗೆ ಅದನ್ನು ತುಂಬಿಕೊಟ್ಟರೆ ಹುಣ್ಣು ಕಡಿಮೆಯಾಗುತ್ತದೆ. ಕೊರತೆಯಿಲ್ಲದವನಿಗೆ ಇವತ್ತು ನುಂಗಿದ ಕ್ಯಾಪ್ಸೂಲು ಇವತ್ತಿನ ಹುಣ್ಣಿಗೆ ಏನೂ ಮಾಡುವುದಿಲ್ಲ. ಹೇಗಿದ್ದರೂ ವಾರದಲ್ಲಿ ಮಾಯುತ್ತಿದ್ದ ಹುಣ್ಣಿನ ಕೀರ್ತಿ ಕ್ಯಾಪ್ಸೂಲಿನ ಖಾತೆಗೆ ಸೇರುತ್ತದೆ. ಅದರೊಳಗಿನ ರೈಬೋಫ್ಲಾವಿನ್ ಮೂತ್ರಕ್ಕೆ ಅಚ್ಚ ಹಳದಿ ಬಣ್ಣ ಕೊಡುತ್ತದೆ. ಅದನ್ನು ನೋಡಿ "ಹೀಟು ಇನ್ನೂ ಜಾಸ್ತಿಯಾಯ್ತು" ಎಂದು ಮರುದಿನವೇ ವಾಪಸು ಬರುವವರಿದ್ದಾರೆ.

ಹುಣ್ಣು ಪದೇಪದೇ ಏಳುತ್ತಿದ್ದರೆ ಕ್ಯಾಪ್ಸೂಲಿಗಿಂತ ರಕ್ತಪರೀಕ್ಷೆ ಮೇಲು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ12 ಇಳಿಯುವುದು ಗೊತ್ತಿರುವ ಸಂಗತಿ. ಗ್ಯಾಸ್ಟ್ರಿಕ್ಕಿಗೆಂದು ವರ್ಷಗಳಿಂದ ಪ್ಯಾಂಟೊಪ್ರಜೋಲ್ ನಡೆಸುತ್ತಿರುವವರಿಗೂ ಅಷ್ಟೆ. ಒಂದೇ ಅಂಗಡಿಯಿಂದ ತಿಂಗಳು ತಿಂಗಳು ಇವೆರಡನ್ನೂ ಒಯ್ಯುವ ಶುದ್ಧ ಸಸ್ಯಾಹಾರಿ ಗಿರಾಕಿಗೆ ಹುಣ್ಣು ಮರುಕಳಿಸಿದರೆ, ಅದನ್ನು ಜೋಡಿಸಿ ನೋಡಬಲ್ಲವನು ಆ ಬಿಲ್ಲು ಬರೆಯುವವನೇ.

ಹಚ್ಚುವ ಔಷಧಗಳ ಗುರಿ ನೋವು ತಗ್ಗಿಸುವುದು. ಕೋಲಿನ್ ಸ್ಯಾಲಿಸಿಲೇಟ್ ಜೆಲ್ ಎಲ್ಲ ಅಂಗಡಿಗಳಲ್ಲೂ ಓಡುತ್ತದೆ, ಕೆಲವದರಲ್ಲಿ ಮರಗಟ್ಟಿಸುವ ಲಿಗ್ನೊಕೇನ್ ಸೇರಿರುತ್ತದೆ. ಸ್ಯಾಲಿಸಿಲೇಟ್ ಆಸ್ಪಿರಿನ್ನಿನ ನಂಟ. ಮಕ್ಕಳ ಯಕೃತ್ತಿಗೂ ಮಿದುಳಿಗೂ ಪೆಟ್ಟು ಕೊಡುವ ರೇಸ್ ಸಿಂಡ್ರೋಮಿನ ಭಯದಿಂದ 2009ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಹದಿನಾರರೊಳಗಿನವರಿಗೆ ಈ ಜೆಲ್ ಬೇಡವೆಂದರು. ಹಲ್ಲು ಬರುವ ಕೂಸಿನ ಒಸಡಿಗೆ ಇದನ್ನು ಉಜ್ಜುವುದು ಇಲ್ಲೂ ನಿಲ್ಲಬೇಕಾದ ಅಭ್ಯಾಸ. ಹಚ್ಚುವ ರೀತಿಯನ್ನು ಹೇಳುವವರು ಕಡಿಮೆ, ಹಾಗಾಗಿ ಅರ್ಧ ಟ್ಯೂಬು ಎಂಜಲಿನೊಡನೆ ಹೊಟ್ಟೆಗೆ ಹೋಗುತ್ತದೆ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ, ಹತ್ತಿಯಿಂದಲೋ ಸ್ವಚ್ಛ ಬಟ್ಟೆಯ ತುದಿಯಿಂದಲೋ ಹುಣ್ಣಿನ ಜಾಗವನ್ನು ಒತ್ತಿ ಒಣಗಿಸಿ, ಬಟಾಣಿಗಿಂತ ಸಣ್ಣ ಹನಿಯನ್ನು ಇಟ್ಟು, ತುಟಿ ಎಳೆದು ಹಿಡಿದು ಅರ್ಧ ನಿಮಿಷ ಸುಮ್ಮನಿರಬೇಕು. ಟ್ರಯಾಮ್ಸಿನಲೋನ್ ಎಂಬ ಸ್ಟಿರಾಯ್ಡಿನ ಪೇಸ್ಟು ಇನ್ನೊಂದು ಜಾತಿ. ಅದನ್ನು ಉಜ್ಜಬಾರದು, ರಾತ್ರಿ ಮಲಗುವ ಮುಂಚೆ ಒತ್ತಿ ಅಂಟಿಸಬೇಕು. ಹುಣ್ಣು ಸೋಂಕಿನದ್ದಲ್ಲವೆಂದು ಖಾತ್ರಿಯಾಗದೆ ಅದನ್ನು ಮುಟ್ಟುವಂತಿಲ್ಲ, ಆ ಖಾತ್ರಿ ಕೊಡಬೇಕಾದವರು ವೈದ್ಯರು.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಹುಣ್ಣನ್ನು ಬೇಗ ಮಾಯಿಸುವುದಿಲ್ಲ, ಅದರ ಮೇಲೆ ಇನ್ನೊಂದು ಸೋಂಕು ಕೂರದಂತೆ ನೋಡಿಕೊಳ್ಳುತ್ತದೆ. ಶೇ 0.2ರ ದ್ರಾವಣ ಹತ್ತು ಮಿಲಿ, ಒಂದು ನಿಮಿಷ, ದಿನಕ್ಕೆರಡು ಸಲ. ಹಲ್ಲುಜ್ಜಿದ ಕೂಡಲೇ ಇದನ್ನು ಮುಕ್ಕಳಿಸಿದರೆ ಪೇಸ್ಟಿನ ನೊರೆ ಔಷಧವನ್ನು ಕಟ್ಟಿಹಾಕುತ್ತದೆ. ನಡುವೆ ಅರ್ಧ ಗಂಟೆ ಬಿಡಬೇಕು. ವಾರಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ, ಕಾಫಿ-ಚಹಾ ಕುಡಿಯುವವರಿಗೆ ಇನ್ನೂ ಬೇಗ. ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದಕ್ಕೆ ಈ ಯಾವ ರಗಳೆಯೂ ಇಲ್ಲ, ಲಾಭವೂ ಇಲ್ಲವಾದ್ದರಿಂದ ಅಂಗಡಿಯಲ್ಲಿ ಅದರ ಮಾತು ಕಡಿಮೆ.

ಈಗ ಮಾತ್ರೆಯ ಲೆಕ್ಕ. ಕೆಲವು ಹುಣ್ಣುಗಳು ಔಷಧದಿಂದಲೇ ಏಳುತ್ತವೆ, ಅವುಗಳಿಗೆ ಜೆಲ್ ಕೊಟ್ಟು ಕಳಿಸುವುದು ಬೆಂಕಿಯ ವಾಸನೆಗೆ ಊದುಬತ್ತಿ ಹಚ್ಚಿದಂತೆ. ಸಂಧಿವಾತಕ್ಕೂ ಸೋರಿಯಾಸಿಸ್‌ಗೂ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ಅದರ ಜೊತೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ಬರೆದಿರುತ್ತಾರೆ. ಎಷ್ಟೋ ಕಂಪನಿಗಳಲ್ಲಿ ಎರಡೂ ಪುಟ್ಟ ಹಳದಿ ಮಾತ್ರೆಗಳು. ಮನೆಯಲ್ಲಿ ಅದಲುಬದಲಾಗಿಯೋ, ಚೀಟಿಯ ಬರಹ ತಪ್ಪಾಗಿ ಓದಿಯೋ, ವಾರದ ಮಾತ್ರೆ ದಿನದ ಮಾತ್ರೆಯಾಗಿಬಿಟ್ಟರೆ ಕೆಲವೇ ದಿನಗಳಲ್ಲಿ ಬಾಯಿಯ ಚರ್ಮ ಕಿತ್ತುಬರುವಂತೆ ಹುಣ್ಣಾಗುತ್ತದೆ. ಬಾಯಲ್ಲಿ ಕಾಣುವುದು ಮೊದಲ ಸುಳಿವು, ಅದರ ಹಿಂದೆ ಮೂಳೆಮಜ್ಜೆ ಕುಸಿಯುತ್ತಿರುತ್ತದೆ. ಈ ತಪ್ಪಿನಿಂದ ಜನ ಸತ್ತಿದ್ದಾರೆ. "ಅಜ್ಜಿಗೆ ಬಾಯಿಹುಣ್ಣು" ಎಂದು ಬಂದ ಮೊಮ್ಮಗನಿಗೆ "ಅಜ್ಜಿಗೆ ಕೀಲುನೋವಿಗೆ ಏನಾದರೂ ನಡೀತಿದೆಯಾ, ಸ್ಟ್ರಿಪ್ಪಿನ ಫೋಟೋ ಕಳಿಸ್ತೀರಾ" ಎಂದು ಕೇಳುವ ಒಂದು ಸಾಲಿನ ಬೆಲೆ ಇಷ್ಟು.

ಥೈರಾಯ್ಡ್ ಹೆಚ್ಚಾದವರಿಗೆ ಕೊಡುವ ಕಾರ್ಬಿಮಜೋಲ್ ಇನ್ನೊಂದು. ಅಪರೂಪಕ್ಕೆ ಅದು ಬಿಳಿ ರಕ್ತಕಣಗಳನ್ನು ತಳಮಟ್ಟಕ್ಕೆ ಇಳಿಸುತ್ತದೆ, ಆಗ ಗಂಟಲುನೋವು, ಬಾಯಿಹುಣ್ಣು, ಜ್ವರ ಒಟ್ಟಿಗೆ ಬರುತ್ತವೆ. ಇಂಥವರಿಗೆ ಪ್ಯಾರಾಸಿಟಮಾಲ್ ಕೊಟ್ಟು ನಾಳೆ ನೋಡೋಣ ಎನ್ನುವಂತಿಲ್ಲ. ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಂಡು ರಕ್ತಕಣಗಳ ಎಣಿಕೆಯಾಗಬೇಕು. ಎದೆನೋವಿನ ನಿಕೊರಾಂಡಿಲ್ ಆಳವಾದ, ಮೊಂಡು ಹುಣ್ಣುಗಳನ್ನು ಎಬ್ಬಿಸುತ್ತದೆ. ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಬಿಪಿ ಮಾತ್ರೆಯವರಿಗೆ ತುಟಿ-ನಾಲಿಗೆ ದಿಢೀರನೆ ಊದಿಕೊಂಡರೆ ಅದು ಉಸಿರಾಟ ಕಟ್ಟಬಹುದಾದ ತುರ್ತು, ಅಲರ್ಜಿ ಮಾತ್ರೆ ಕೊಟ್ಟು ಕೂರಿಸುವ ಸಂದರ್ಭವಲ್ಲ. ಆಮ್ಲೊಡಿಪಿನ್, ಫೆನಿಟೊಯಿನ್‌ಗಳಿಂದ ಒಸಡು ದಪ್ಪವಾಗುತ್ತದೆ. ಅಮಿಟ್ರಿಪ್ಟಿಲಿನ್, ನೆಗಡಿಯ ಹಳೆಯ ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಮೆಟ್ರೊನಿಡಜೋಲ್ ನಡೆಯುವಷ್ಟು ದಿನ ಬಾಯಿ ಲೋಹ ನೆಕ್ಕಿದ ಹಾಗೆ. ಇವನ್ನು ಮೊದಲೇ ಹೇಳಿದರೆ ಸಾಕು.

ಬಾಯಿಯ ಬೂಷ್ಟು, ಅಂದರೆ ಕ್ಯಾಂಡಿಡಾ, ಮೊಸರಿನ ಕೆನೆಯಂತೆ ಕೂತಿರುತ್ತದೆ. ಒರೆಸಿದರೆ ಏಳುತ್ತದೆ, ಅಡಿಯಲ್ಲಿ ಕೆಂಪು. ಹಾಲುಗೂಸುಗಳಲ್ಲಿ ಇದು ಸಾಮಾನ್ಯ. ದೊಡ್ಡವರಲ್ಲಿ ಕಂಡರೆ ಯಾಕೆಂದು ಕೇಳಲೇಬೇಕು. ರಾತ್ರಿಯೂ ತೆಗೆಯದ ಹಲ್ಲುಸೆಟ್ಟು, ಹತೋಟಿ ತಪ್ಪಿದ ಸಕ್ಕರೆ, ಈಚಿನ ಆಂಟಿಬಯೋಟಿಕ್, ಆಸ್ತಮಾದ ಸ್ಟಿರಾಯ್ಡ್ ಇನ್‌ಹೇಲರ್, ಯಾವುದೂ ಇಲ್ಲದಿದ್ದರೆ ಎಚ್‌ಐವಿ ಪರೀಕ್ಷೆಯ ತನಕ. ಇನ್‌ಹೇಲರಿನದ್ದು ಎಲ್ಲಕ್ಕಿಂತ ಸುಲಭ: ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದು, ಸ್ಪೇಸರ್ ಬಳಸುವುದು. ಅದನ್ನು ಮೊದಲ ದಿನವೇ ತೋರಿಸಿಕೊಟ್ಟಿದ್ದರೆ ಬೂಷ್ಟಿನ ಔಷಧದ ಖರ್ಚೇ ಇರುತ್ತಿರಲಿಲ್ಲ.

ಬೂಷ್ಟಿಗೆ ಸಾಮಾನ್ಯವಾಗಿ ಹೋಗುವುದು ಶೇ 1ರ ಕ್ಲೋಟ್ರಿಮಜೋಲ್ ಮೌತ್ ಪೇಂಟ್. ಮೈಕೊನಜೋಲ್ ಜೆಲ್ ಕೂಡ ಒಳ್ಳೆಯ ಔಷಧವೇ, ಆದರೆ ಅದಕ್ಕೊಂದು ಮುಳ್ಳಿದೆ. ವಾಲ್ವ್ ಬದಲಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ನುಂಗುತ್ತಿರುತ್ತಾರೆ. ಬಾಯಿಗೆ ಹಚ್ಚಿದ ಮೈಕೊನಜೋಲ್ ನುಂಗಿಹೋಗಿ, ಆ ಮಾತ್ರೆಯನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನೇ ತಡೆಯುತ್ತದೆ. ರಕ್ತ ಮಿತಿಮೀರಿ ತೆಳುವಾಗಿ ಒಸಡಿನಲ್ಲಿ, ಮೂತ್ರದಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿ ಸ್ರಾವ. 'ಬರೀ ಹಚ್ಚುವುದು ತಾನೆ' ಎಂಬ ಮಾತು ಸುಳ್ಳಾಗುವ ಜಾಗ ಇದು. ಇಂಥವರಿಗೆ ರಕ್ತಕ್ಕೆ ಬಹುತೇಕ ಸೇರದ ನಿಸ್ಟಾಟಿನ್ ವಾಸಿ. ನಾಲ್ಕು ತಿಂಗಳೊಳಗಿನ ಕೂಸಿಗೂ ಮೈಕೊನಜೋಲ್ ಜೆಲ್ ಸಲ್ಲದು, ಗಟ್ಟಿ ಜೆಲ್ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಹಾಗೆಯೇ ಮನೆಮದ್ದೆಂದು ಬಿಳಿಗಾರವನ್ನು ಜೇನಿನಲ್ಲಿ ತೇಯ್ದು ಕೂಸಿನ ನಾಲಿಗೆಗೆ ಸವರುವುದುಂಟು. ಬಿಳಿಗಾರದ ಬೋರಾನ್ ಮೈಗೆ ಸೇರಿ ಶಿಶುಗಳಿಗೆ ಫಿಟ್ಸ್ ಬಂದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ವರ್ಷ ತುಂಬದ ಮಗುವಿಗೆ ಜೇನೂ ಬೇಡ, ಅದರಲ್ಲಿ ಬಾಟ್ಯುಲಿಸಂ ಬೀಜಕಣಗಳಿರಬಹುದು.

ತುಟಿಯಂಚಿನ ಜ್ವರದ ಗುಳ್ಳೆ ಹರ್ಪಿಸ್ ವೈರಸ್ಸಿನದು. ಅಸೈಕ್ಲೋವಿರ್ ಮುಲಾಮನ್ನು ಚುರುಗುಟ್ಟುವಾಗಲೇ ಶುರುಮಾಡಿ ದಿನಕ್ಕೆ ಐದು ಸಲ ಹಚ್ಚಿದರೆ ಒಂದಿಷ್ಟು ಬೇಗ ಮಾಯುತ್ತದೆ; ಗುಳ್ಳೆ ಒಡೆದ ಮೇಲೆ ಹಚ್ಚುವುದು ಹೆಚ್ಚುಕಡಿಮೆ ದುಡ್ಡಿನ ದಂಡ. ಕಟವಾಯಿ ಬಿರಿಯುವುದಕ್ಕೆ ಹಲ್ಲುಸೆಟ್ಟಿನವರಲ್ಲಿ ಕ್ಯಾಂಡಿಡಾ, ಎಳೆಯರಲ್ಲಿ ಕಬ್ಬಿಣ-ರೈಬೋಫ್ಲಾವಿನ್ ಕೊರತೆಗಳನ್ನು ಮೊದಲು ನೆನೆಯಬೇಕು. ಶಾಲೆಯ ಮಗುವಿಗೆ ಬಾಯಿಹುಣ್ಣಿನ ಜೊತೆ ಅಂಗೈ-ಅಂಗಾಲಿನಲ್ಲಿ ಗುಳ್ಳೆ ಕಂಡರೆ ಅದು ಕೈ-ಕಾಲು-ಬಾಯಿ ರೋಗ, ವೈರಸ್ಸಿನದು. ಪ್ಯಾರಾಸಿಟಮಾಲ್, ತಣ್ಣನೆಯ ನೀರುಪದಾರ್ಥ, ಕೆಲವು ದಿನ ಶಾಲೆಗೆ ರಜೆ.

ಹಲ್ಲುನೋವಿಗೆ ಲವಂಗದೆಣ್ಣೆ, ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಒಂದೆರಡು ದಿನ ದಾಟಿಸುತ್ತವೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಬುಡಕ್ಕೇ ಇಟ್ಟುಕೊಳ್ಳುವವರಿದ್ದಾರೆ, ಅದು ಒಸಡನ್ನು ಸುಡುತ್ತದೆ. ಅಮಾಕ್ಸಿಸಿಲಿನ್-ಮೆಟ್ರೊನಿಡಜೋಲ್ ಜೋಡಿಯನ್ನು ಚೀಟಿಯಿಲ್ಲದೆ ಕೊಡುವುದು ಕಾನೂನಿಗೂ ತಪ್ಪು, ಹಲ್ಲಿಗೂ ಕೆಲಸಕ್ಕೆ ಬಾರದ್ದು. ಕೊಳೆತ ತಿರುಳಿರುವುದು ಹಲ್ಲಿನೊಳಗೆ, ಅಲ್ಲಿಗೆ ರಕ್ತವೇ ಹೋಗದಿರುವಾಗ ಔಷಧ ಹೇಗೆ ಹೋದೀತು? ದವಡೆಯ ಕೆಳಗೆ ಬಾವು ಹರಡಿ, ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ ನೇರ ಆಸ್ಪತ್ರೆಗೆ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ಜ್ವರದವನ ಒಸಡಿನಲ್ಲಿ ರಕ್ತ ಜಿನುಗಿದರೆ ಡೆಂಗಿಯನ್ನು ನೆನೆದು, ಐಬುಪ್ರೊಫೆನ್, ಆಸ್ಪಿರಿನ್ ಕೊಡದೆ ಪ್ಲೇಟ್‌ಲೆಟ್ ಎಣಿಸಲು ಕಳಿಸಬೇಕು.

ಈ ನಾಡಿನ ಕೌಂಟರಿಗೆ ಬರುವ ಅತಿ ದೊಡ್ಡ ಬಾಯಿಯ ತೊಂದರೆ ಹುಣ್ಣಾಗಿ ಕಾಣಿಸಿಕೊಳ್ಳುವುದೇ ಇಲ್ಲ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಅಡಿಕೆಯನ್ನು ಅದರಷ್ಟಕ್ಕೇ, ಹೊಗೆಸೊಪ್ಪಿಲ್ಲದೆಯೂ, ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿ ಎರಡು ದಶಕ ದಾಟಿದೆ. ತೋಟದ ಜಿಲ್ಲೆಗಳಲ್ಲಿ ಈ ಮಾತು ಕಹಿ, ಆದರೆ ಫಾರ್ಮಸಿಸ್ಟ್ ಅಡಿಕೆ ಬೆಲೆಯ ವಕೀಲನಲ್ಲ. ರಾಜ್ಯ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಗಿರಾಕಿಯ ಅಂಗೈಯಲ್ಲಿ ಬೆರೆಯತೊಡಗಿದವು.

ಅಡಿಕೆಯ ಸತ್ವ ಕೆನ್ನೆಯೊಳಗಿನ ಪದರದಲ್ಲಿ ನಾರಿನಂಥ ಕೊಲಾಜೆನ್ ಕಟ್ಟಿಸುತ್ತದೆ, ಅದು ಕರಗುವುದಿಲ್ಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಶುರುವಾಗುವುದು ಉರಿಯಿಂದ: ಸಾರು ಉರಿ, ಉಪ್ಪಿನಕಾಯಿ ಉರಿ, ಕೊನೆಗೆ ಚಟ್ನಿಯೂ ಉರಿ. ಕನ್ನಡಿಯಲ್ಲಿ ಹುಣ್ಣೇ ಕಾಣದು, ಕೆನ್ನೆಯೊಳಗೆ ಬಿಳಚಿದ ಅಮೃತಶಿಲೆಯಂಥ ಪಟ್ಟೆ. ಈ ಉರಿಗೆ ಜೆಲ್ ಹಚ್ಚಿದರೆ ಅರ್ಧ ಗಂಟೆ ಹಾಯ್, ಆಮೇಲೆ ಇನ್ನೊಂದು ಪೊಟ್ಟಣ ಅಡಿಕೆ. ಬರುಬರುತ್ತ ಬಾಯಿ ತೆರೆಯುವುದೇ ಕಷ್ಟ. ಇದನ್ನು ಅಳೆಯಲು ಉಪಕರಣ ಬೇಡ: ತನ್ನದೇ ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮೇಲಿನ-ಕೆಳಗಿನ ಹಲ್ಲುಗಳ ನಡುವೆ ಇಡುವುದು. ಮೂರು ಹೋದರೆ ಸರಿ, ಎರಡಕ್ಕೇ ನಿಂತರೆ ದಂತವೈದ್ಯರ ಬಳಿಗೆ. ಪಾನಿಪುರಿ ಇಡಿಯಾಗಿ ಬಾಯಿಗೆ ಹೋಗುತ್ತದೆಯೇ ಎಂದು ಕೇಳಿದರೂ ಉತ್ತರ ಸಿಗುತ್ತದೆ, ಮುಜುಗರವೂ ಇಲ್ಲ.

ಒರೆಸಿದರೆ ಏಳದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಕಾರಣವಿಲ್ಲದೆ ಸಡಿಲವಾದ ಹಲ್ಲು, ಕತ್ತಿನಲ್ಲಿ ಗಂಟು ಇವು ಜೆಲ್ಲಿನ ಗಿರಾಕಿಗಳಲ್ಲ. ನೋವಿಲ್ಲದ ಹುಣ್ಣು ನೋವಿರುವುದಕ್ಕಿಂತ ಹೆಚ್ಚು ಸಂಶಯಕ್ಕೆ ಯೋಗ್ಯ. 'ನೋವೇನೂ ಇಲ್ಲ' ಎಂದು ಗಿರಾಕಿ ಸಮಾಧಾನದಿಂದ ಹೇಳುವಾಗಲೇ ಕೌಂಟರಿನವನ ಕಿವಿ ನೆಟ್ಟಗಾಗಬೇಕು. ಮಾಯದ ಹುಣ್ಣನ್ನು ಕಳಿಸಲು ಬ್ರಿಟನ್ನಿನಲ್ಲಿ ಮೂರು ವಾರದ ಗಡುವು. ಇಲ್ಲಿ ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗಳಲ್ಲಿ ತುಂಬಿಸುವ ಸಿಬ್ಯಾಕ್ ಎಂಬ ತಪಾಸಣಾ ನಮೂನೆ ಎರಡು ವಾರದಲ್ಲಿ ಮಾಯದ ಬಾಯಿಹುಣ್ಣಿನ ಬಗ್ಗೆ, ಬಾಯಿ ತೆರೆಯುವ ಕಷ್ಟದ ಬಗ್ಗೆ ಕೇಳುತ್ತದೆ. ಹೊಗೆಸೊಪ್ಪು-ಅಡಿಕೆ ಇಷ್ಟೊಂದು ಇರುವ ಕಡೆ ಎರಡು ವಾರವೇ ಸರಿ.

ಆ ಎರಡು ವಾರವನ್ನು ಗಿರಾಕಿ ಎಣಿಸುವುದಿಲ್ಲ. ಎಷ್ಟು ದಿನವಾಯಿತು ಎಂದರೆ "ಈಗ ಒಂದ್ ವಾರ ಇರಬೇಕು" ಎನ್ನುತ್ತಾನೆ. ಟ್ಯೂಬುಗಳು ಮಾತ್ರ ಸುಳ್ಳು ಹೇಳುವುದಿಲ್ಲ. ಹತ್ತು ಗ್ರಾಂ ಟ್ಯೂಬನ್ನು ಹೇಳಿದ ಅಳತೆಯಲ್ಲಿ ಹಚ್ಚಿದರೆ ಒಂದು ಹುಣ್ಣಿಗೆ ಒಂದೇ ಬೇಕಾದಷ್ಟು. ಮೂರನೆಯದನ್ನು ಕೇಳುತ್ತಿದ್ದಾನೆಂದರೆ ಹುಣ್ಣು ಮಾಯುತ್ತಿಲ್ಲ, ಇಲ್ಲವೇ ಅದು ಹುಣ್ಣೇ ಅಲ್ಲ. ಇದು ಗೊತ್ತಾಗುವುದು ಕೌಂಟರಿನ ಈಚೆ ನಿಂತವನಿಗೆ ಮಾತ್ರ, ಏಕೆಂದರೆ ಮೂರನ್ನೂ ಮಾರಿದವನು ಅವನೇ. ಆಗ "ಡಾಕ್ಟರಿಗೆ ತೋರಿಸಿ" ಎಂಬ ಬಾಯಿಮಾತು ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತದೆ. ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದುಕೊಡುವುದು ವಾಸಿ: ಹುಣ್ಣು ಎಲ್ಲಿದೆ, ಎಂದಿನಿಂದ, ಇಲ್ಲಿಯವರೆಗೆ ಏನೇನು ಹಚ್ಚಿದ್ದಾಯಿತು, ನಡೆಯುತ್ತಿರುವ ಮಾತ್ರೆಗಳು ಯಾವುವು. ತಾಲ್ಲೂಕು ಆಸ್ಪತ್ರೆಯ ಹಲ್ಲಿನ ವಿಭಾಗಕ್ಕೆ ಆ ಕಾಗದ ಹಿಡಿದು ಹೋದವನನ್ನು ಅಲ್ಲಿ ಮತ್ತೆ ಮೊದಲಿನಿಂದ ಪ್ರಶ್ನೆ ಕೇಳಬೇಕಾಗಿಲ್ಲ.